ಒಂದೇ ಕಲ್ಲು, ಒಂದೇ ಕಾರು



ಇವತ್ತು ರಾಜಕೀಯ ಇಲ್ಲ. ಮಾನ್ವಿಯಿಂದ ಒಬ್ಬ ರೈತರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ, ಅದಕ್ಕೆ ಉತ್ತರ ಕೊಡಬೇಕು. ಹೆಸರು ಹೇಳಲ್ಲ, ಮಾತು ಮಾತ್ರ ಕೇಳಿ. "ಸರ, ನನ್ನ ಮಗಗ ಕಾರ್ ರೇಸಿನ ಹುಚ್ಚು ಹಿಡದೈತ್ರಿ. ಡಿಪ್ಲೊಮಾ ಮುಗಿಸ್ಯಾನ. ತಮಿಳುನಾಡಿನಾಗ ರೇಸ್ ಕಲಿಸೋ ಸಾಲಿ ಐತಂತ, ರೊಕ್ಕ ಕಟ್ಟಂತಾನ. ಈ ಸಲದ ಭತ್ತದ ರೊಕ್ಕ ಕೊಡು ಅಂದ್ರ ಕೊಡ್ತೀನ್ರಿ. ಆದ್ರ ಒಂದ್ ಮಾತು ಹೇಳ್ರಿ. ಅಲ್ಲಿ ಖರೇನ ಚಲೋ ಓಡಸಾಂವ ಗೆಲ್ತಾನೋ, ರೊಕ್ಕ ಇದ್ದಾಂವ ಗೆಲ್ತಾನೋ?"

ಈ ಸ್ಟುಡಿಯೋಗೆ ಬರೋ ದೊಡ್ಡ ದೊಡ್ಡವರಿಗೂ ಇಷ್ಟು ನೇರವಾದ ಪ್ರಶ್ನೆ ಬೀಳೋದು ಅಪರೂಪ. ಕಾಲುವೆಯ ಕೊನೆ ಭಾಗದಲ್ಲಿ ನೀರಿಗಾಗಿ ಕಾದು, ಭತ್ತ ಬೆಳೆದು, ಅದರ ದುಡ್ಡನ್ನ ಮಗನ ಹುಚ್ಚಿಗೆ ಕೊಡೋಕೆ ತಯಾರಿರೋ ಅಪ್ಪ ಕೇಳ್ತಿರೋದು ಗೆಲುವಿನ ಗ್ಯಾರಂಟಿ ಅಲ್ಲ. ಆಟ ನ್ಯಾಯವಾಗಿ ನಡೆಯುತ್ತಾ ಅಂತ ಅಷ್ಟೆ.

ರಾಯಚೂರಿನವರಿಗೆ ಈ ಪ್ರಶ್ನೆ ಹೊಸದೇನಲ್ಲ. ಕಾರಹುಣ್ಣಿಮೆ ಬಂತು ಅಂದ್ರೆ ನಗರದಲ್ಲಿ ಮುನ್ನೂರುಕಾಪು ಸಮಾಜದವರ ಮುಂಗಾರು ಸಾಂಸ್ಕೃತಿಕ ಹಬ್ಬ. ರಾಜೇಂದ್ರ ಗಂಜ್‌ನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. 1.5 ಟನ್, 2 ಟನ್, 2.5 ಟನ್. ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರುತ್ತವೆ. ಗೊತ್ತುಮಾಡಿದ ಸಮಯದೊಳಗೆ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಜನ ಬಿಸಿಲಲ್ಲಿ ನಿಂತು ನೋಡ್ತಾರೆ. ಎತ್ತಿನ ಮೈ, ಗೋಣು, ಕೋಡಿಗೆ ಹಚ್ಚಿದ ಬಣ್ಣ ಎಲ್ಲಾ ನೋಡ್ತಾರೆ ನಿಜ. ಆದರೆ ಆ ಆಟ ನಿಂತಿರೋದು ಎತ್ತಿನ ಮೇಲಲ್ಲ, ಕಲ್ಲಿನ ಮೇಲೆ. ಎಲ್ಲರಿಗೂ ಅದೇ ಕಲ್ಲು. ಒಂದು ಜೋಡಿಗೆ ಕಲ್ಲು ಹಗುರ ಮಾಡಿದರು ಅಂತ ಗೊತ್ತಾದರೆ ಗಂಜ್‌ನಲ್ಲಿ ಏನಾಗುತ್ತೆ ಅಂತ ನಾನು ಹೇಳಬೇಕಾ?

ರೇಸಿಂಗ್ ಸ್ಕೂಲ್ ಅನ್ನೋದರ ತತ್ವ ಇಷ್ಟೇ. ಕಾರು ಅಂದ್ರೆ ಕಲ್ಲು. ಎಲ್ಲರಿಗೂ ಒಂದೇ ಥರದ ಕಾರು ಕೊಡಿ, ಉಳಿಯೋದು ಓಡಿಸುವವನ ಕೈ, ಕಾಲು, ತಲೆ.

ನಮ್ಮ ದೇಶದಲ್ಲಿ ಮೊದಲು ಹೀಗಿರಲಿಲ್ಲ. ಚೆನ್ನೈ ಹೊರಗೆ ಶೋಲಾವರಂ ಅಂತ ಒಂದು ಹಳೇ ವಿಮಾನ ಪಟ್ಟಿ ಇದೆ, ಎರಡನೇ ಮಹಾಯುದ್ಧದ ಕಾಲದ್ದು. ಅಲ್ಲೇ ರೇಸ್ ನಡೀತಿತ್ತು. ಗ್ಯಾರೇಜಿನಲ್ಲಿ ಕುಯ್ದು ಹೊಲಿದ ಅಂಬಾಸಿಡರ್, ಫಿಯೆಟ್ ಒಂದು ಕಡೆ. ಇನ್ನೊಂದು ಕಡೆ ಶ್ರೀಮಂತರು ವಿದೇಶದಿಂದ ತರಿಸಿದ ರೇಸ್ ಕಾರುಗಳು. 1980ರ ದಶಕದ ಆರಂಭದಲ್ಲಿ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅಲ್ಲಿ ಓಡಿಸಿದ್ದು ಏನು ಗೊತ್ತಾ? ಎನ್‌ಸೈನ್ ಕಂಪನಿಯ ಫಾರ್ಮುಲಾ ಒನ್ ಕಾರು! ಫಾರ್ಮುಲಾ ಒನ್‌ನಲ್ಲಿ ಓಡಿ ಹಳೆಯದಾಗಿದ್ದ ಕಾರೇ ಇರಬಹುದು, ಆದರೂ ಶೋಲಾವರಂಗೆ ಅದು ಐರಾವತ. ಅದರಲ್ಲಿ ನಿಯಮ ಮುರಿದದ್ದು ಏನೂ ಇಲ್ಲ. ಆ ಮೈದಾನದಲ್ಲಿ ಅಂಥದ್ದು ನಡೀತಿತ್ತು. ಆದರೆ ಗೆದ್ದವನ ಕೈ ಚಳಕ ಎಷ್ಟು, ಕಾರಿನದ್ದೆಷ್ಟು ಅಂತ ಯಾರು ಅಳೆಯಬೇಕು?

ಅದೇ ಕಾಲದಲ್ಲಿ, ಅದೇ ಮೈದಾನದಲ್ಲಿ ಓಡಿಸುತ್ತಿದ್ದ ಇನ್ನೊಬ್ಬರು ಎಸ್. ಕರಿವರ್ಧನ್. ಕೊಯಮತ್ತೂರಿನ ಮಿಲ್ ಮನೆತನದವರು, ಅವರಿಗೂ ದುಡ್ಡಿಗೇನು ಕಡಿಮೆ ಇರಲಿಲ್ಲ. ಅವರು ಮಾಡಿದ ಕೆಲಸವೇ ಬೇರೆ. ಮಾರುತಿ 800ರ ಇಂಜಿನ್ ತಗೊಂಡು, ಒಂಟಿ ಸೀಟಿನ ಸಣ್ಣ ರೇಸ್ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ. ಒಂದಲ್ಲ, ಒಂದೇ ಅಚ್ಚಿನ ಹಲವು ಕಾರುಗಳು. ಮನೆ ಮುಂದೆ ನಿಲ್ಲೋ ಕಾರಿನ ಇಂಜಿನ್ನು, ಯಾವ ಊರಿನ ಮೆಕ್ಯಾನಿಕ್ಕಾದರೂ ಬಿಚ್ಚಿ ಕಟ್ಟಬಹುದು. 1995ರಲ್ಲಿ ಸಣ್ಣ ವಿಮಾನ ಅಪಘಾತದಲ್ಲಿ ಕರಿವರ್ಧನ್ ತೀರಿಕೊಂಡರು. ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯಂನಲ್ಲಿರೋ 2.1 ಕಿಲೋಮೀಟರ್ ಟ್ರ್ಯಾಕಿಗೆ ಇವತ್ತು ಅವರದೇ ಹೆಸರು, ಕರಿ ಮೋಟರ್ ಸ್ಪೀಡ್‌ವೇ. ಮಾನ್ವಿಯ ಹುಡುಗ ಹೋಗ್ತೀನಿ ಅಂತಿರೋದು ಬಹುಶಃ ಆ ಕಡೆಗೇ.

ಇದೇ ಫಾರ್ಮುಲಾ ಮಾರುತಿಯಲ್ಲಿ ರೇಸ್ ಶುರುಮಾಡಿದ ಹುಡುಗ ನರೇನ್ ಕಾರ್ತಿಕೇಯನ್. 1992ರಲ್ಲಿ ಫ್ರಾನ್ಸಿನ ವಿನ್‌ಫೀಲ್ಡ್ ರೇಸಿಂಗ್ ಸ್ಕೂಲಿಗೆ ಹೋದ. ಅಲ್ಲಿನ ಪದ್ಧತಿ ಕೇಳಿ. ಎಲ್ಲ ವಿದ್ಯಾರ್ಥಿಗಳಿಗೂ ಶಾಲೆಯ ಕಾರು, ಗಡಿಯಾರ ಇಟ್ಟು ಸ್ಪರ್ಧೆ, ಗೆದ್ದವನ ಮುಂದಿನ ವರ್ಷದ ಖರ್ಚು ತೈಲ ಕಂಪನಿಯದ್ದು. 1975ರಲ್ಲಿ ಇಂಥದ್ದೇ ಸ್ಪರ್ಧೆ ಗೆದ್ದು ಬಂದವನು ಅಲೆನ್ ಪ್ರಾಸ್ಟ್, ಮುಂದೆ ನಾಲ್ಕು ಸಲ ವಿಶ್ವ ಚಾಂಪಿಯನ್. ನರೇನ್ ಸೆಮಿಫೈನಲ್‌ವರೆಗೆ ಬಂದ. 2005ರಲ್ಲಿ ಫಾರ್ಮುಲಾ ಒನ್‌ನಲ್ಲಿ ಓಡಿಸಿದ ಮೊದಲ ಭಾರತೀಯನಾದ.

ನರೇನ್ ಬಗ್ಗೆ ಇನ್ನೊಂದು ಮಾತು, ಯಾಕಂದ್ರೆ ವಿಷಯಕ್ಕೆ ಸಂಬಂಧ ಇದೆ. ಫಾರ್ಮುಲಾ ಒನ್‌ನಲ್ಲಿ ಅವರಿಗೆ ಅಂಕ ಬಂದದ್ದು ಒಂದೇ ರೇಸಿನಲ್ಲಿ. 2005ರ ಅಮೆರಿಕನ್ ಗ್ರ್ಯಾನ್ ಪ್ರಿ, ನಾಲ್ಕನೇ ಸ್ಥಾನ. ಹೇಗೆ ಬಂತು? ಮಿಶಲಿನ್ ಟೈರು ಆ ಟ್ರ್ಯಾಕಿನ ಒಂದು ತಿರುವಿಗೆ ತಡೆಯಲ್ಲ ಅಂತ ಗೊತ್ತಾಯಿತು. ಆ ತಂಡಗಳು ತಿರುವಿನ ಮುಂಚೆ ವೇಗ ತಗ್ಗಿಸೋ ಹಾಗೆ ಟ್ರ್ಯಾಕ್ ಬದಲಿಸಿ ಅಂದವು. ಸಂಸ್ಥೆ, ನಿಯಮ ಅಂದ್ರೆ ನಿಯಮ, ಬದಲಿಸಲ್ಲ ಅಂತು. 14 ಕಾರುಗಳು ಒಂದು ಸುತ್ತು ಬಂದು ಗ್ಯಾರೇಜಿಗೆ ಹೋದವು. ಓಡಿದ್ದು ಆರೇ ಆರು ಕಾರು. ಅದರಲ್ಲಿ ನಾಲ್ಕನೆಯದು ನಮ್ಮವರದ್ದು. ದಾಖಲೆಯಲ್ಲಿ ನಾಲ್ಕನೇ ಸ್ಥಾನ ನಿಜ, ಐದು ಅಂಕವೂ ನಿಜ. ಆದರೆ ಅವರು ಎಂಥ ಚಾಲಕ ಅಂತ ಆ ಅಂಕ ಏನಾದ್ರೂ ಹೇಳುತ್ತಾ? ಅದಕ್ಕೆ ಅವರ ಬೇರೆ ರೇಸುಗಳನ್ನ ನೋಡಬೇಕು.

ಈಗ ನಾನು ಸ್ವಲ್ಪ ಇಂಜಿನಿಯರ್ ಆಗ್ತೀನಿ, ಸಹಿಸಿಕೊಳ್ಳಿ. ಅಪ್ಪ ಕಟ್ಟಿದ ಫೀಸಿಗೆ ಅಷ್ಟಾದ್ರೂ ಉಪಯೋಗ ಆಗಲಿ.

ಒಂದೇ ಥರದ ಕಾರು ಅಂತ ಶಾಲೆಯವರು ಹೇಳ್ತಾರೆ. ಒಂದೇ ಥರದ ಕಾರು ಅನ್ನೋದು ಪ್ರಪಂಚದಲ್ಲಿ ಇಲ್ಲ. ಒಂದೇ ದಿನ ಫ್ಯಾಕ್ಟರಿಯಿಂದ ಹೊರಬಂದ ಎರಡು ಬೈಕುಗಳಲ್ಲಿ ಒಂದು ಚೆನ್ನಾಗಿ ಎಳೆಯುತ್ತೆ, ಇನ್ನೊಂದು ಯಾವಾಗಲೂ ಗೊಣಗುತ್ತೆ, ನಿಮಗೇ ಗೊತ್ತು. ರೇಸ್ ಕಾರಿನಲ್ಲಿ ಇದು ಇನ್ನೂ ಜಾಸ್ತಿ. ಒಂದರ ಇಂಜಿನ್ ಹೋದ ತಿಂಗಳು ಬಿಚ್ಚಿ ಕಟ್ಟಿದ್ದು, ಇನ್ನೊಂದರದ್ದು ವರ್ಷದ ಹಿಂದೆ. ಒಂದರ ಟೈರು ಹೊಸದು, ಇನ್ನೊಂದರದ್ದು ಸವೆದಿದೆ. ಸುತ್ತಿಗೆ 0.2 ಸೆಕೆಂಡು ವ್ಯತ್ಯಾಸ ಅಂತಿಟ್ಕೊಳ್ಳಿ, ಕಣ್ಣು ಮಿಟುಕಿಸೋಕೂ ಸಾಲದ ಹೊತ್ತು. ಹತ್ತು ಸುತ್ತಿಗೆ ಎರಡು ಸೆಕೆಂಡು. ಗಂಟೆಗೆ 108 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ 30 ಮೀಟರ್. ಅಲ್ಲಿಗೆ 60 ಮೀಟರ್ ಹಿಂದೆ! ನೋಡೋರಿಗೆ ಏನನ್ಸುತ್ತೆ? "ಹುಡುಗನ ಕೈಯಲ್ಲಿ ದಮ್ಮಿಲ್ಲ."

ಇನ್ನು ಮೈತೂಕ. ಗೋ-ಕಾರ್ಟ್ ಒಂದು 150 ಕೆ.ಜಿ. ಇದೆ ಅಂತಿಟ್ಕೊಳ್ಳಿ. 50 ಕೆ.ಜಿ.ಯ ಹುಡುಗ ಕೂತರೆ 200. 75 ಕೆ.ಜಿ.ಯವನು ಕೂತರೆ 225. ಇಂಜಿನ್ ಅದೇ, ಎಳೆಯಬೇಕಾದ ಭಾರ ಎಂಟನೇ ಒಂದು ಪಾಲು ಜಾಸ್ತಿ. ಕಲ್ಲು ಎಳೆಯೋ ಎತ್ತಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಫಾರ್ಮುಲಾ ಒನ್‌ನಲ್ಲಿ 2019ರಲ್ಲಿ ಚಾಲಕ ಮತ್ತು ಸೀಟು ಸೇರಿ ಕನಿಷ್ಠ 80 ಕೆ.ಜಿ. ಇರಬೇಕು ಅಂತ ನಿಯಮ ಬಂತು. ಕಡಿಮೆ ಇದ್ದರೆ ಸೀಟಿನ ಜಾಗದಲ್ಲೇ ತೂಕದ ಗಟ್ಟಿ ಇಡಬೇಕು. ಅದಕ್ಕೂ ಮುಂಚೆ ಎತ್ತರದ ಚಾಲಕರು ಊಟ ಬಿಟ್ಟು ಒಣಗ್ತಿದ್ದರು.

ಹಾಗಾಗಿ ಒಳ್ಳೆ ಶಾಲೆಗಳು "ಎಲ್ಲ ಕಾರೂ ಒಂದೇ" ಅಂತ ಪ್ರಮಾಣ ಮಾಡೋದಿಲ್ಲ. ಚೀಟಿ ಎತ್ತಿಸ್ತಾರೆ. ಬೆಳಿಗ್ಗೆ ನಾಲ್ಕನೇ ನಂಬರ್ ಕಾರು ಓಡಿಸಿದವನು ಮಧ್ಯಾಹ್ನ ಒಂಬತ್ತನೇ ನಂಬರ್ ಓಡಿಸ್ತಾನೆ. ಕೆಟ್ಟ ಕಾರು ಎಲ್ಲರ ಪಾಲಿಗೂ ಒಂದು ಸಲ ಬರುತ್ತೆ. ಇದಕ್ಕೆ ಕಂಪ್ಯೂಟರ್ ಬೇಡ, ಒಂದು ಡಬ್ಬಿ, ಒಂದಿಷ್ಟು ಕಾಗದದ ಚೂರು ಸಾಕು. ಮೋಸ ನುಗ್ಗೋದು ಆ ಡಬ್ಬಿ ಇಲ್ಲದ ಕಡೆ. ಪ್ರಾಯೋಜಕರ ಮಗ ಬಂದಿದ್ದಾನೆ, ಅವನಿಗೆ ಹೊಸ ಟೈರಿನ ಕಾರು. ಇನ್ನೊಬ್ಬ ಮುಂದಿನ ಬ್ಯಾಚಿಗೂ ಫೀಸು ಕಟ್ಟೋನು, ಅವನು ಬಿಳಿ ಗೆರೆ ದಾಟಿ ತಿರುವು ಕತ್ತರಿಸಿದರೂ ಬಾವುಟ ಮೇಲೇಳಲ್ಲ. ಯಾರೂ ಸುಳ್ಳು ಹೇಳಿರಲ್ಲ. ಯಾವ ನಿಯಮವೂ ಮುರಿದಿರಲ್ಲ, ಸ್ವಲ್ಪ ಬಾಗಿರುತ್ತೆ ಅಷ್ಟೆ.

ದೊಡ್ಡ ರೇಸಿನಲ್ಲಿ ನಿಯಮ ಬಗ್ಗಿಸೋಲ್ವಾ ಅಂತ ಕೇಳಬಹುದು. ಬಗ್ಗಿಸ್ತಾರೆ, ಅದೇ ಒಂದು ವಿದ್ಯೆ. 1984ರಲ್ಲಿ ಟಿರೆಲ್ ತಂಡ ಕಾರನ್ನ ಹಗುರವಾಗಿ ಓಡಿಸಿ, ರೇಸಿನ ಕೊನೆಗೆ ನೀರಿನ ಟ್ಯಾಂಕಿಗೆ ಸೀಸದ ಗುಂಡು ಬೆರೆಸಿದ ನೀರು ತುಂಬಿಸಿ ತೂಕ ಸರಿಮಾಡ್ತಿದ್ದಾರೆ ಅನ್ನೋ ಆರೋಪ ಬಂತು, ಇಡೀ ವರ್ಷದ ಚಾಂಪಿಯನ್‌ಶಿಪ್‌ನಿಂದಲೇ ಹೊರಗೆ ಹಾಕಿದರು. ಓದಿದಾಗ ನನಗೆ ಸಿಟ್ಟಿಗಿಂತ ನಗು ಬಂತು, ಸುಳ್ಳು ಯಾಕೆ ಹೇಳಲಿ? ಅಲ್ಲಿ ಕಾರು ಕಟ್ಟುವವರೂ ಸ್ಪರ್ಧಿಗಳೇ. ನಿಯಮ ಪುಸ್ತಕದ ಸಂದಿಯಲ್ಲಿ ದಾರಿ ಹುಡುಕೋದು ಅವರ ಕೆಲಸದ ಭಾಗ, ಸಿಕ್ಕಿಬಿದ್ದರೆ ಶಿಕ್ಷೆ. ಆದರೆ ಶಾಲೆಯಲ್ಲಿ ಕಾರು ನಿಮ್ಮದಲ್ಲ. ಟ್ರೋಫಿ ಅಂದ್ರೆ ಇನ್ನೂರು ರೂಪಾಯಿಯ ಕಪ್ಪು. ಅಲ್ಲಿಗೆ ನೀವು ಬಂದಿರೋದು ಒಂದೇ ಒಂದು ವಿಷಯ ತಿಳ್ಕೊಳ್ಳೋಕೆ: ನಾನು ವೇಗಿಯಾ, ಅಲ್ವಾ?

ನಾನು ಇಂಜಿನಿಯರಿಂಗ್ ಓದುವಾಗ ಬಾಹಾ ಅಂತ ಒಂದು ಸ್ಪರ್ಧೆಯ ಹುಚ್ಚು ಎಲ್ಲ ಕಾಲೇಜಿಗೂ ಹಿಡಿದಿತ್ತು. ವಿದ್ಯಾರ್ಥಿಗಳೇ ಕಲ್ಲು-ಮಣ್ಣಿನಲ್ಲಿ ಓಡೋ ಗಾಡಿ ಕಟ್ಟಿ ಮಧ್ಯಪ್ರದೇಶದ ಪೀಥಂಪುರಕ್ಕೆ ಒಯ್ಯಬೇಕು. ಎಲ್ಲ ತಂಡಕ್ಕೂ ಒಂದೇ ಇಂಜಿನ್, ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ 10 ಅಶ್ವಶಕ್ತಿಯದ್ದು. ಅದರ ಗವರ್ನರ್ ನಿಮಿಷಕ್ಕೆ 3800 ಸುತ್ತಿಗೆ ಕಟ್ಟಿಹಾಕಿರುತ್ತೆ. ನಮ್ಮಲ್ಲೊಬ್ಬ ಬುದ್ಧಿವಂತ ಇದ್ದ. "ಗವರ್ನರ್ ಸ್ಪ್ರಿಂಗನ್ನ ಒಂಚೂರು ಎಳೆದು ಕಟ್ಟೋಣ, ತಪಾಸಣೆಗೆ ಮುಂಚೆ ಬಿಡೋಣ" ಅಂದ. ವರ್ಕ್‌ಶಾಪಿನಲ್ಲಿ ಲೇತ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬೈಯಲಿಲ್ಲ, ನೀತಿಪಾಠವನ್ನೂ ಹೇಳಲಿಲ್ಲ. ಕೈ ಒರೆಸಿಕೊಳ್ಳುತ್ತಾ ಒಂದು ಪ್ರಶ್ನೆ ಕೇಳಿದರು. "ಕಟ್ಟು. ಆಮೇಲೆ ಗಾಡಿ ಜೋರಾಗಿ ಓಡ್ತಲ್ಲ, ಅದು ನೀನು ಮಾಡಿದ ಗೇರ್‌ಬಾಕ್ಸಿನಿಂದ ಓಡಿತೋ ಸ್ಪ್ರಿಂಗಿನಿಂದ ಓಡಿತೋ, ಹೆಂಗೆ ಹೇಳ್ತೀಯಪ್ಪಾ?" ಸ್ಪ್ರಿಂಗ್ ಮುಟ್ಟಲಿಲ್ಲ. ಗೆಲ್ಲಲೂ ಇಲ್ಲ ಬಿಡಿ. ಆದರೆ ಗೇರ್ ಅನುಪಾತ ತಪ್ಪಿದೆ ಅಂತ ಟೆಸ್ಟಿಂಗ್ ದಿನವೇ ಗೊತ್ತಾಯಿತು.

ಹಾಗಾದ್ರೆ ಚಾಲಕನ ಕೌಶಲ ಅಂದ್ರೆ ಏನು? ಧೈರ್ಯ ಅಂತ ನಮ್ಮ ಹುಡುಗರು ತಿಳ್ಕೊಂಡಿದ್ದಾರೆ. ದೇವದುರ್ಗದ ರಸ್ತೆಯಲ್ಲಿ ಗಬ್ಬೂರು ದಾಟಿ ಹೋಗುವಾಗ ಎದುರಿಗೆ ಬರೋ ಟಿಪ್ಪರ್‌ಗಳನ್ನ ನೋಡಿ, ಧೈರ್ಯಕ್ಕೇನೂ ಬರ ಇಲ್ಲ. ರೇಸಿಂಗ್ ಸ್ಕೂಲಿನಲ್ಲಿ ಮೊದಲ ದಿನ ಕಲಿಸೋದು ವೇಗ ಅಲ್ಲ, ಬ್ರೇಕು. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ತಿರುವಿನೊಳಗೆ ಹೋಗ್ತಾ ಹೇಗೆ ನಿಧಾನವಾಗಿ ಬಿಡಬೇಕು. ಟೈರಿಗೆ ಇರೋ ಹಿಡಿತ ಒಂದೇ ಗಂಟು. ಅದನ್ನ ಬ್ರೇಕಿಗೆ ಪೂರ್ತಿ ಖರ್ಚು ಮಾಡಿದರೆ ತಿರುಗೋಕೆ ಉಳಿಯಲ್ಲ. ಚೆನ್ನಾಗಿ ಓಡಿಸುವವನ ಕಾರು ಹೊರಗಿನಿಂದ ನೋಡಿದರೆ ನಿಧಾನ ಹೋದ ಹಾಗೆ ಕಾಣುತ್ತೆ. ಕಿರುಚಲ್ಲ, ಜಾರಲ್ಲ. ಹತ್ತೂ ಸುತ್ತಿನ ಸಮಯ ಹೆಚ್ಚುಕಮ್ಮಿ ಒಂದೇ ಇರುತ್ತೆ. ಒಂದು ಸುತ್ತು ಮಿಂಚಿ ಮೂರು ಸುತ್ತು ಎಡವೋನಿಗಿಂತ ಇವನು ಮೇಲು, ಗಡಿಯಾರಕ್ಕೆ ಮಾತ್ರ ಅದು ಗೊತ್ತಾಗುತ್ತೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಓಡಿಸೋ ಸ್ಪರ್ಧೆ ಇಡ್ತಾರೆ, ಹಿಂದೆ ಟ್ರೇಲರ್ ಕಟ್ಟಿಕೊಂಡು. ಅದನ್ನ ನೋಡಿ ನಗೋ ಪೇಟೆಯವರಿಗೆ ಒಂದು ಮಾತು. ಟ್ರೇಲರ್ ಹಿಂದಕ್ಕೆ ತಳ್ಳೋದು ಅಂದ್ರೆ ಅಂಗೈ ಮೇಲೆ ಕೋಲು ನಿಲ್ಲಿಸಿ ನಡೆದ ಹಾಗೆ, ಬಿಟ್ಟರೆ ತಾನಾಗಿಯೇ ಮಡಚಿಕೊಳ್ಳುತ್ತೆ. ಸ್ಟೇರಿಂಗ್ ಉಲ್ಟಾ ತಿರುಗಿಸಬೇಕು, ತಿರುಗಿಸಿದ್ದನ್ನ ತಕ್ಷಣ ವಾಪಸ್ ತರಬೇಕು. ನಾವು ಇದಕ್ಕೆ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಸೆಮಿಸ್ಟರ್ ಓದಿದ್ವಿ. ಹತ್ತಿ ಹೇರಿದ ಟ್ರೇಲರನ್ನ ಸಂದಿಯಲ್ಲಿ ರಿವರ್ಸ್ ತಗೊಳ್ಳೋ ಮಾನ್ವಿ ಹುಡುಗ ಅದನ್ನ ಸೊಂಟದಲ್ಲೇ ಕಲಿತಿರ್ತಾನೆ.

ಹಾಗಂತ ಆ ಅಪ್ಪನಿಗೆ ನಾನು ಸಕ್ಕರೆ ತಿನ್ನಿಸಲ್ಲ. 2011ರಲ್ಲಿ ಫೋರ್ಸ್ ಇಂಡಿಯಾ ತಂಡ ದೇಶದ ಹಲವು ನಗರಗಳಲ್ಲಿ ಕಾರ್ಟ್ ಓಡಿಸಿ ಪ್ರತಿಭೆ ಹುಡುಕಿತು. ಹೆಸರು "ಒನ್ ಫ್ರಮ್ ಎ ಬಿಲಿಯನ್", ನೂರು ಕೋಟಿಯಲ್ಲಿ ಒಬ್ಬ. ಕೊನೆಗೆ ಆರಿಸಿದ ಮೂವರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಒಬ್ಬ. ಪ್ರತಿಭೆ ಬಗ್ಗೆ ಅನುಮಾನವೇ ಬೇಡ, ಮುಂದೆ ಯುರೋಪಿನಲ್ಲಿ, ಜರ್ಮನಿಯ ಡಿಟಿಎಂವರೆಗೂ ಓಡಿಸಿ ತೋರಿಸಿದ. ಆದರೆ ಆ ಹುಡುಗ ರೇಸ್ ಓಡಿಸುತ್ತಿದ್ದ ಅಪ್ಪನ ಮನೆಯಲ್ಲಿ, ಚಿಕ್ಕಂದಿನಿಂದ ಕಾರ್ಟ್ ಮೇಲೆ ಬೆಳೆದವನು. ಆಯ್ಕೆಯ ದಿನ ಕಾರ್ಟ್ ಎಲ್ಲರಿಗೂ ಒಂದೇ ಕೊಡಬಹುದು, ಬಾಲ್ಯ ಒಂದೇ ಕೊಡೋಕಾಗಲ್ಲ. ಮೊದಲ ಸಲ ಹೆಲ್ಮೆಟ್ ಹಾಕಿಕೊಂಡ ರಾಯಚೂರಿನ ಹುಡುಗ ಹತ್ತು ನಿಮಿಷದಲ್ಲಿ ಏನು ತೋರಿಸಬೇಕು? ಇದು ಮೋಸ ಅಲ್ಲ. ಆದರೆ ನ್ಯಾಯವೂ ಅಂತ ನನಗನ್ನಿಸಲ್ಲ.

ಹಾಗಾಗಿ, ಯಜಮಾನರೇ, ರೊಕ್ಕ ಕಟ್ಟೋ ಮುಂಚೆ ಆ ಸಾಲಿಯವರಿಗೆ ಫೋನ್ ಮಾಡಿ. ಕಾರು ಹಂಚೋದು ಹೆಂಗ್ರಿ, ಚೀಟಿ ಎತ್ತಿಸ್ತೀರೋ ನಿಮ್ಮ ಮನಸ್ಸಿಗೆ ಬಂದಂಗೋ ಅಂತ ಕೇಳಿ. ಎಲ್ಲ ಹುಡುಗರ ಎಲ್ಲ ಸುತ್ತಿನ ಸಮಯ ಗೋಡೆಗೆ ಅಂಟಿಸ್ತೀರಾ ಕೇಳಿ. ತೂಕ ನೋಡ್ತೀರಾ ಕೇಳಿ. ಬ್ಯಾಸರ ಮಾಡ್ಕೊಂಡ್ರೆ ಆ ಕಡೆ ತಲೆ ಹಾಕಬೇಡಿ. ಇನ್ನೊಂದು, ಇದು ಮುಖ್ಯ. ಕಲಿಸೋರು ಯಾರು, ಗಡಿಯಾರ ಹಿಡಿಯೋರು ಯಾರು? ರಾಷ್ಟ್ರೀಯ ಚಾಂಪಿಯನ್‌ಶಿಪ್ ರೇಸುಗಳಿಗೆ ಎಫ್‌ಎಂಎಸ್‌ಸಿಐ ಅನ್ನೋ ಒಕ್ಕೂಟದ ನಿಯಮ ಇದೆ, ಬೇರೆ ತೀರ್ಪುಗಾರರು ಇರ್ತಾರೆ. ಶಾಲೆಯೊಳಗಿನ ರೇಸಿನಲ್ಲಿ ಕಲಿಸುವವರೂ ಅವರೇ, ಕಾರಿನ ಮಾಲೀಕರೂ ಅವರೇ, ಫೀಸು ತಗೊಳ್ಳೋರೂ ಅವರೇ, ಪಾಸು-ಫೇಲು ಹೇಳೋರೂ ಅವರೇ. ಎಷ್ಟೇ ಒಳ್ಳೆಯವರಿದ್ದರೂ ಅಷ್ಟು ಟೋಪಿ ಒಬ್ಬರ ತಲೆ ಮೇಲೆ ನಿಲ್ಲಲ್ಲ.

ಈ ಕೊನೇ ಮಾತು ಹೇಳುವಾಗ ನನಗೆ ರೇಸ್ ಟ್ರ್ಯಾಕಿಗಿಂತ ರಾಯಚೂರು-ಮಾನ್ವಿ ರಸ್ತೆಯೇ ಕಣ್ಣಿಗೆ ಬರುತ್ತೆ. 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ಮಾನ್ವಿ ತಾಲ್ಲೂಕಿನ ಕಪಗಲ್ ಹತ್ತಿರ ಶಾಲೆ ಬಸ್ಸು, ಸಾರಿಗೆ ಬಸ್ಸು ಡಿಕ್ಕಿ ಹೊಡೆದವು. ಇಬ್ಬರು ಮಕ್ಕಳು ಹೋದರು. ಕಾಲು ಕಳ್ಕೊಂಡ ಮಕ್ಕಳಿದ್ದಾರೆ. ಯಾರ ತಪ್ಪು ಅಂತ ಇಲ್ಲಿ ಕೂತು ತೀರ್ಪು ಕೊಡೋನು ನಾನಲ್ಲ. ಆ ರಸ್ತೆಯಲ್ಲಿ ದಿನಾ ನಮ್ಮ ಮಕ್ಕಳನ್ನ ಕಳಿಸ್ತೀವಿ, ಎದುರಿನಿಂದ ಬರೋನ ಜೇಬಿನಲ್ಲಿರೋ ಲೈಸೆನ್ಸನ್ನ ನಂಬಿ ಕಳಿಸ್ತೀವಿ. ಆ ನಂಬಿಕೆ ಬಗ್ಗೆ ಮಾತಾಡ್ತಿದ್ದೀನಿ.

ಕೇಂದ್ರದ ಮೋಟಾರು ವಾಹನ ನಿಯಮದಲ್ಲಿ ಡ್ರೈವಿಂಗ್ ಸ್ಕೂಲಿಗೂ ಲೆಕ್ಕ ಇದೆ. ಕಾರು ಕಲಿಸೋಕೆ ಕನಿಷ್ಠ 21 ದಿನ, ಕೈಗೆ ಸ್ಟೇರಿಂಗ್ ಕೊಟ್ಟು 10 ಗಂಟೆ. ನಿಮ್ಮ ಮನೆಯಲ್ಲಿ ಲೈಸೆನ್ಸ್ ಇರೋರನ್ನ ಕೇಳಿ, ಹತ್ತು ಗಂಟೆ ಓಡಿಸಿದ್ರಾ ಅಂತ. 2021ರ ಜುಲೈ 1ರಿಂದ ಇನ್ನೊಂದು ನಿಯಮ ಬಂದಿದೆ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ನಾಲ್ಕು ವಾರದಲ್ಲಿ 29 ಗಂಟೆ ಕಲಿತು ಪಾಸಾದರೆ ಆರ್‌ಟಿಒ ಕಚೇರಿಯ ಡ್ರೈವಿಂಗ್ ಟೆಸ್ಟೇ ಬೇಡ. ಸಿಮ್ಯುಲೇಟರ್ ಇರಬೇಕು, ಟ್ರ್ಯಾಕ್ ಇರಬೇಕು, ಎಲ್ಲಾ ಒಳ್ಳೆಯದೇ. 29 ಗಂಟೆ ನಿಜವಾಗಿ ಕಲಿಸಿದರೆ ನಾನೇ ಹಾರ ಹಾಕ್ತೀನಿ. ಆದರೆ ಅಲ್ಲಿಯೂ ಫೀಸು ತಗೊಂಡವರ ಕೈಯಲ್ಲೇ ಗಡಿಯಾರ.

ನಾನು ಲೈಸೆನ್ಸ್ ಮಾಡಿಸೋಕೆ ಹೋದಾಗ, ಊರು ಬೇಡ, ಸಾಲಿನಲ್ಲಿ ನನ್ನ ಮುಂದೆ ಒಬ್ಬರು ಇದ್ದರು. ನಡುವಯಸ್ಸಿನವರು, ಕೈ ನಡುಗುತ್ತಿತ್ತು. ಸ್ಟೇರಿಂಗ್ ಗಟ್ಟಿ ಹಿಡಿದು ಕೂತರು. ಪಕ್ಕದ ಸೀಟಿನಲ್ಲಿ ಡ್ರೈವಿಂಗ್ ಸ್ಕೂಲಿನ ಹುಡುಗ. ಆ ಕಾರುಗಳಲ್ಲಿ ಕಲಿಸುವವನ ಕಾಲಡಿಯೂ ಕ್ಲಚ್ಚು, ಬ್ರೇಕು ಇರುತ್ತೆ, ನಿಯಮವೇ ಹಾಗೆ ಹೇಳುತ್ತೆ, ಕಲಿಯುವಾಗ ಜೀವ ಉಳಿಸೋಕೆ. ಕಾರು ಚೂರೂ ಜಗ್ಗದೆ ಹೊರಟಿತು, ಎಂಟು ಹಾಕಿತು, ಗೆರೆಯ ಮೇಲೆ ಬಂದು ನಿಂತಿತು. ನಾನು ನೋಡ್ತಿದ್ದದ್ದು ಅವರ ಕಾಲನ್ನಲ್ಲ, ಪಕ್ಕದ ಸೀಟಿನ ಚಪ್ಪಲಿಯನ್ನ. ಲೈಸೆನ್ಸ್ ಬಂದದ್ದು ಆ ಚಪ್ಪಲಿಗೆ, ಫೋಟೋ ಮಾತ್ರ ಅವರದ್ದು.

ಟೆಸ್ಟಿನ ದಿನ ಆ ಎರಡು ಪೆಡಲ್ ಕಳಚಿಡೋಕೆ ಒಂದು ಸ್ಪ್ಯಾನರ್ ಸಾಕು. ಅದೂ ಆಗದಿದ್ದರೆ ಪಕ್ಕದ ಸೀಟಿನಲ್ಲಿ ಸ್ಕೂಲಿನ ಹುಡುಗನ ಬದಲು ಇನ್‌ಸ್ಪೆಕ್ಟರ್ ಸಾಹೇಬರೇ ಕೂತು, ಎರಡೂ ಕಾಲು ಹಿಂದಕ್ಕೆ ಎಳ್ಕೊಂಡರೆ ಸಾಕು. ರಾಯಚೂರಿನ ಕಚೇರಿಯವರು ಇದನ್ನ ಈಗಾಗಲೇ ಮಾಡ್ತಿದ್ದರೆ ಕ್ಯಾಮೆರಾ ಮುಂದೆ ಬಂದು ಹೇಳಲಿ, ನಮ್ಮ ವರದಿಗಾರರನ್ನ ನಾಳೆ ಬೆಳಿಗ್ಗೆಯೇ ಕಳಿಸ್ತೀನಿ.

ಬ್ರೇಕ್ ನಂತರ ಜಿಲ್ಲಾ ಸುದ್ದಿ.